ಚಾಸಿಯ ಕೊನೆಯ ಐದು ಅಂಕಿ

ಕೊಪ್ಪಳದ ಆರ್‌ಟಿಒ ಕಚೇರಿಯ ಎದುರಿಗೆ, ಬೇವಿನ ಮರದ ಕೆಳಗೆ, ಹೇಮಾಳ ಟೇಬಲ್ಲು. ಫಾರಂ ತುಂಬಿಕೊಡುವವರು ಅಲ್ಲಿ ಇನ್ನೂ ಏಳೆಂಟು ಜನ ಇದ್ದರು. ಆದರೆ ಹಳೆಯ ಗಾಡಿಯೊಂದು ಗೇಟಿನೊಳಗೆ ಬಂತೆಂದರೆ ಉಳಿದವರೆಲ್ಲ ಅವಳ ಕಡೆಗೆ ಕೈ ತೋರಿಸುತ್ತಿದ್ದರು. ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿಯ ಮೇಲೆ ಕಾರ್ಖಾನೆಯವರು ಹೊಡೆದ ನಂಬರಿನ ಅಚ್ಚು ತೆಗೆದು ಫಾರಮ್ಮಿಗೆ ಅಂಟಿಸಬೇಕು. ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಕಪ್ಪಿನ ನಡುವೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಹೊಸ ಗಾಡಿಗಳದು ಎರಡು ನಿಮಿಷದ ಕೆಲಸ. ನಲವತ್ತು, ಐವತ್ತು ವರ್ಷದ ಗಾಡಿಗಳಲ್ಲಿ ಮಾತ್ರ ದಸರೆಯ ಖಂಡೇಪೂಜೆಗೊಮ್ಮೆ ಬಳಿದ ಬಣ್ಣ, ಎಣ್ಣೆ, ವಿಭೂತಿ, ಎರೆಮಣ್ಣು ಪದರ ಪದರವಾಗಿ ಕೂತು ನಂಬರು ಎಲ್ಲಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಹೇಮಾ ಚೂಡಿದಾರದ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟು, ನೆಲಕ್ಕೆ ಗೋಣಿಚೀಲ ಹಾಸಿ, ಟಾರ್ಚು ಮತ್ತು ಡೀಸೆಲ್ಲಿನಲ್ಲಿ ನೆನೆಸಿದ ಬಟ್ಟೆ ಹಿಡಿದು ಕೆಳಗೆ ಸರಿಯುತ್ತಿದ್ದಳು.

ಅವಳು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಓದುವಾಗ ಮೇಷ್ಟ್ರು ಇಡೀ ಕ್ಲಾಸನ್ನು ಗವಿಮಠದ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಬಂಡೆಯ ಮೇಲಿನ ಶಾಸನ ತೋರಿಸಿ, ಓದುವುದು ಆಮೇಲೆ, ಮೊದಲು ಕಲ್ಲು ತೊಳೆಯುವುದನ್ನು ಕಲಿಯಿರಿ ಎಂದಿದ್ದರು. ಓದಿನಿಂದ ಕೆಲಸ ಸಿಗಲಿಲ್ಲ. ಅಪ್ಪ ಅಮರಪ್ಪ ತೀರಿಕೊಂಡ ಮೇಲೆ ಅವನ ಟೇಬಲ್ಲಿಗೆ ಬಂದು ಕೂತಳು. ಕಬ್ಬಿಣ ತೊಳೆಯುವುದು ಅವಳಿಗೆ ಬೇಗ ಹಿಡಿಸಿತು. ಗಾಡಿಯ ಕೆಳಗೆ ಯಾರೂ ಮಾತಾಡಿಸುವುದಿಲ್ಲ ಎಂಬುದೂ ಒಂದು ಕಾರಣ.

"ಏನ್ ಮೇಡಂ, ಇವತ್ತು ಎಷ್ಟನೇ ಶತಮಾನದ್ದು ಬಂದೈತ್ರಿ?" ಎಂದು ಪಕ್ಕದ ಟೇಬಲ್ಲಿನ ಪ್ರಭುರಾಜ ದಿನಕ್ಕೊಮ್ಮೆ ಕೇಳುತ್ತಿದ್ದ.

"ನಿಮ್ಮ ಸ್ಕೂಟರಿಗಿಂತ ಹಿಂದಿಂದೇನ ಅಲ್ರಿ," ಎಂದು ಅವಳು ದಿನಕ್ಕೊಮ್ಮೆ ಹೇಳುತ್ತಿದ್ದಳು.

ಮುದಿಯಪ್ಪನ ಜೀಪು ಬಂದದ್ದು ಯುಗಾದಿ ಕಳೆದ ಮೂರನೇ ದಿನ. ಮುದಿಯಪ್ಪ ಯಲಬುರ್ಗಾ ಕಡೆಯ ಕುರಿಗಾರ, ಅರವತ್ತೆಂಟು ವಯಸ್ಸು. ಕುಷ್ಟಗಿ, ಕುಕನೂರು, ಯಲಬುರ್ಗಾ ಸಂತೆಗಳಿಗೆ ತನ್ನ ಮತ್ತು ಸುತ್ತಲಿನ ನಾಲ್ಕು ದೊಡ್ಡಿಗಳ ಕುರಿಗಳನ್ನು ಅದೇ ಜೀಪಿನಲ್ಲಿ ಸಾಗಿಸುತ್ತಿದ್ದ. ಮನೆಯಲ್ಲಿ ಮತ್ತೆ ಯಾರೂ ಗಾಡಿ ಹೊಡೆಯುವವರಿಲ್ಲದ ಕಾರಣ ಈ ವಯಸ್ಸಿನಲ್ಲೂ ಸ್ಟೇರಿಂಗ್ ಹಿಡಿದವನು ಅವನೇ. ಗಾಡಿಯ ಕಾಗದ ಮತ್ತೆ ಐದು ವರ್ಷಕ್ಕೆ ಮುಂದುವರಿಸಬೇಕಿತ್ತು. ಅದಕ್ಕೆ ಬಂದಿದ್ದ.

ಇನ್ಸ್‌ಪೆಕ್ಟರು ಹೊಸಬ, ಚಿಕ್ಕ ವಯಸ್ಸಿನವನು. ಆರ್‌ಸಿ ಕಾರ್ಡಿನ ನಂಬರನ್ನು ಬೆರಳಿಟ್ಟು ಎಣಿಸಿದ. ಆಮೇಲೆ ಬಗ್ಗಿ ಚಾಸಿಯ ಮೇಲಿನದನ್ನೂ ಎಣಿಸಿದ.

"ಹದಿಮೂರು ಅಂಕಿ ಅದಾವ. ಇದೇನ್ ಗಾಡಿ ನಂಬರೋ, ಫಾರಿನ್ ಫೋನ್ ನಂಬರೋ?"

ಸುತ್ತಲಿನವರು ನಕ್ಕರು. ಮುದಿಯಪ್ಪ ನಗಲಿಲ್ಲ.

"ಕಾರ್ಡಿನ್ಯಾಗೂ ಅದಾ ಐತಲ್ರಿ ಸಾಹೇಬ್ರ."

"ಕಾರ್ಡಿನ್ಯಾಗ ತಪ್ಪು ಇದ್ರ ತಪ್ಪು ಸರಿ ಆಗ್ತೈತೇನು? ಆ ಕಾಲದ ಜೀಪಿಗೆ ಇಷ್ಟುದ್ದ ನಂಬರ್ ಇರಂಗಿಲ್ಲ. ಮ್ಯಾಲ ಇದು ಕೈಲೆ ಹೊಡದದ್ದು. ಕಂಪನಿ ಪತ್ರ ತರ್ರಿ. ಯಾರು ಹೊಡದ್ರು, ಯಾವಾಗ, ಯಾಕ ಅಂತ ಅಫಿಡವಿಟ್ ತರ್ರಿ. ಒಂದು ತಿಂಗಳು ಟೈಮ್ ಕೊಡ್ತೀನಿ. ತರಲಿಲ್ಲ ಅಂದ್ರ ಕಳವಿನ ಗಾಡಿ ಅಂತ ಬರದು ಗುಜರಿಗೆ ಒಡ್ಯಾಕ ಕಳಸ್ತೀನಿ."

ಜೀಪನ್ನು ಕಚೇರಿಯ ಹಿಂದಿನ ಬಯಲಿಗೆ ದೂಡಿ ನಿಲ್ಲಿಸಿದರು. ಮುದಿಯಪ್ಪ ಬೀಗದ ಕೈ ಕೊಟ್ಟು ಹೊರಗೆ ಬಂದ. ಪ್ರಭುರಾಜ ಹೇಮಾಳ ಕಡೆಗೆ ಕೈ ತೋರಿಸಿದ.

ಮರುದಿನ ಹೇಮಾ ಜೀಪಿನ ಕೆಳಗೆ ಸರಿದಳು. ಮುಂದಿನ ಬಲಗಡೆಯ ಪಟ್ಟಿಯ ಮೇಲೆ ನಂಬರಿತ್ತು. ಬಣ್ಣ ಕೆರೆದಾಗ ಮೊದಲು ಕಂಡದ್ದು ಬೆಸುಗೆಯ ಗೆರೆ. ಮೂಲ ಪಟ್ಟಿಯನ್ನು ಒಂದು ಗೇಣಿನಷ್ಟು ಕತ್ತರಿಸಿ, ಬೇರೆ ಕಬ್ಬಿಣದ ತುಂಡು ಕೂಡಿಸಿ, ಅದರ ಮೇಲೆ ನಂಬರು ಹೊಡೆದಿದ್ದರು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಳು. ಕಾರ್ಖಾನೆಯ ಅಂಕಿ ಒಂದೇ ಏಟಿಗೆ ಬಿದ್ದಿರುತ್ತದೆ, ಅಂಚು ಚೂಪಾಗಿರುತ್ತದೆ. ಇಲ್ಲಿ ಪ್ರತಿ ಅಂಕಿಯೂ ಚುಕ್ಕಿಗಳ ಸಾಲಾಗಿ ಮೂಡಿತು. ಕಾರ್ಖಾನೆಯವರು ಯಾರೂ ಹೆಚ್ಚಿಗೆ ಅಂಕಿ ಸೇರಿಸಬಾರದೆಂದು ನಂಬರಿನ ಎರಡೂ ತುದಿಗೆ ನಕ್ಷತ್ರ ಹೊಡೆಯುತ್ತಾರೆ. ಇಲ್ಲಿ ಎರಡೂ ತುದಿಗೆ ಐದು ಚುಕ್ಕಿಯ ಹೂವು ಇತ್ತು, ಪಕ್ಕದಲ್ಲಿ ಒಂದು ಸಣ್ಣ ತೊಟ್ಟು. ನಡುವೆ 3720841624494.

"ಕಾಕಾ, ಇಲ್ಲಿ ಚಾಸಿ ಕೊಯ್ದು ಜೋಡಿಸ್ಯಾರ. ಯಾವಾಗ ಮಾಡ್ಸಿದ್ದು?"

ಮುದಿಯಪ್ಪ ಬಂಪರಿನ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. "ಗೊತ್ತಿಲ್ಲ ಯವ್ವಾ. ಸರಕಾರದ ಹರಾಜಿನ್ಯಾಗ ತಗೊಂಡಿದ್ದು. ಎಂಬತ್ತಾರರಾಗ. ಆವಾಗ ಹಂಗಾ ಇತ್ತು."

"ಹೂವಾನೂ ಇತ್ತೇನು?"

"ಯಾವ ಹೂವು?"

ಅವಳು ಕಾಗದ ಹೊರಗೆ ಚಾಚಿದಳು. ಅವನು ಕಾಗದವನ್ನು ನೋಡಲಿಲ್ಲ. ಬಯಲಿನ ಆಚೆ ಮೇಯುತ್ತಿದ್ದ ಯಾರದೋ ಎಮ್ಮೆಯನ್ನು ನೋಡಿದ. ಹೇಮಾ ಕೆಳಗೆ ಮಲಗಿದ್ದುದರಿಂದ ಅವನ ಮುಖ ಅವಳಿಗೆ ಪೂರ್ತಿ ಕಂಡಿತು. ಸುಳ್ಳು ಹೇಳುವವರು ಸಾಮಾನ್ಯವಾಗಿ ಒಂದು ಮಾತು ಹೆಚ್ಚಿಗೆ ಆಡುತ್ತಾರೆಂದು ಅವಳು ಈ ಟೇಬಲ್ಲಿನಲ್ಲಿ ಕಲಿತಿದ್ದಳು. ಈ ಮನುಷ್ಯ ಒಂದು ಮಾತು ಕಡಿಮೆ ಆಡುತ್ತಿದ್ದ.

ಹಳೆಯ ಆರ್‌ಸಿ ಪುಸ್ತಕವನ್ನು ಗೆದ್ದಲು ತಿಂದು, ಹದಿನೈದು ವರ್ಷದ ಹಿಂದೆ ಹೊಸದಕ್ಕೆ ಅರ್ಜಿ ಹಾಕಿದ್ದರು. ಆ ಅರ್ಜಿಯ ನಕಲು ಮುದಿಯಪ್ಪನ ಪ್ಲಾಸ್ಟಿಕ್ ಚೀಲದಲ್ಲಿತ್ತು. ನೋಡಿದರೆ ಅಕ್ಷರ ಅವಳ ಅಪ್ಪನದು. ಖಾನೆಗಳು ಮುಗಿದರೂ ಅಂಕಿಗಳು ಮುಗಿಯದೆ ಅಂಚಿನವರೆಗೆ ಬರೆದಿದ್ದ. ಅಮರಪ್ಪ ಪ್ರಶ್ನೆ ಕೇಳುವ ಮನುಷ್ಯನಾಗಿರಲಿಲ್ಲ. ಇದ್ದುದನ್ನು ಇದ್ದ ಹಾಗೆ ಬರೆದು ಸಹಿ ಮಾಡಿಸುತ್ತಿದ್ದ. ಹಾಗಾಗಿ ಚಾಸಿಯ ಮೇಲಿದ್ದ ತಪ್ಪು ಕಾರ್ಡಿಗೆ ಬಂದು, ಕಾರ್ಡಿನಿಂದ ಕಂಪ್ಯೂಟರಿಗೆ ಹೋಗಿ, ಹದಿನೈದು ವರ್ಷ ಅಲ್ಲೇ ಸುಮ್ಮನೆ ಕೂತಿತ್ತು. ಈಗ ಅದು ತನ್ನ ಕೆಲಸ ಎಂದುಕೊಂಡಳು ಹೇಮಾ.

ಜೀಪು ಮಾಡಿದ ಕಂಪನಿಯ ಹಳೆಯ ದಾಖಲೆಗಳು ಪುಣೆಯ ಒಂದು ಗೋದಾಮಿನಲ್ಲಿದ್ದವು. ನೋಡಿಕೊಳ್ಳುವವನು ಬಿರಾಜದಾರ, ಸೊಲ್ಲಾಪುರದ ಕಡೆಯವನು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಫೋನಿನಲ್ಲಿ ಕನ್ನಡ ಕೇಳಿದರೆ ಸಾಕು, ಅವನು ಮಧ್ಯಾಹ್ನದ ಊಟ ಬಿಟ್ಟು ರಿಜಿಸ್ಟರ್ ತೆಗೆಯುತ್ತಿದ್ದ. ಹೇಮಾಳೊಂದಿಗೆ ನಾಲ್ಕೈದು ವರ್ಷದ ಪರಿಚಯ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಹದಿಮೂರು? ಅಕ್ಕಾರ, ನಮ್ಮಲ್ಲಿ ಆವಾಗ ಎಂಟಾ ಅಂಕಿ. ಮೊದಲನೇದು ಮಾಡಲ್. ಆಮ್ಯಾಲಿನ ಎರಡು ವರ್ಷ. ಆಮ್ಯಾಲಿನ ಐದು, ಆ ವರ್ಷ ಎಷ್ಟನೇ ಗಾಡಿ ಅನ್ನೋದು."

"ಮೊದಲಿನ ಎಂಟು ಅಷ್ಟಾ ನೋಡ್ರಿ ಹಂಗಾರ. ಮೂರು, ಎಪ್ಪತ್ತೆರಡು, ಸೊನ್ನೆ ಎಂಟು ನಾಕು ಒಂದು ಆರು."

ಹಾಳೆ ಮಗುಚುವ ಸದ್ದು, ಕೆಮ್ಮು, ಮತ್ತೆ ಹಾಳೆಯ ಸದ್ದು. ಹೇಮಾಳಿಗೆ ಈ ಕಾಯುವ ಹೊತ್ತು ಇಷ್ಟ. ಯಾರೋ ಗುಮಾಸ್ತ ಐವತ್ತು ವರ್ಷದ ಹಿಂದೆ ಬರೆದಿಟ್ಟ ಒಂದು ಸಾಲು ಕತ್ತಲೆಯಿಂದ ತನ್ನ ಕಡೆಗೆ ಬರುತ್ತಿದೆ ಎನಿಸುತ್ತಿತ್ತು.

"ಸಿಕ್ತು ನೋಡ್ರಿ. ಎಪ್ಪತ್ತೆರಡರ ಸಪ್ಟಂಬರ. ಬೂದಿ ಬಣ್ಣ. ಮುನಿರಾಬಾದ್ ಟೇಶನ್ನಿಗೆ ರೈಲಿನ್ಯಾಗ ಕಳಸ್ಯಾರ, ಸರಕಾರಿ ಆರ್ಡರ್. ಹಿಂದಿನ ಆಕ್ಸಲ್ ನಂಬರೂ ಬರದಾರ, ಬರಕೋರ್ರಿ."

ಅವಳು ಬರೆದುಕೊಂಡು ಬಯಲಿಗೆ ಓಡಿದಳು. ಹಿಂದಿನ ಆಕ್ಸಲ್ಲಿನ ಮೇಲಿನ ಗಟ್ಟಿ ಗ್ರೀಸನ್ನು ಚಮಚದಿಂದ ಕೆರೆಯಲು ಅರ್ಧ ತಾಸು ಬೇಕಾಯಿತು. ಒಳಗಿನ ಐದು ಅಂಕಿಗಳು ಚೂಪಾಗಿ, ಕಾರ್ಖಾನೆಯ ಏಟಿನಲ್ಲಿ, ಬಿರಾಜದಾರ ಹೇಳಿದ ಹಾಗೆಯೇ ಇದ್ದವು. ಇದು ಅದೇ ಜೀಪು. ಕಳವಿನದಲ್ಲ.

ಇನ್ಸ್‌ಪೆಕ್ಟರ್ ಕೇಳಿ ತಲೆಯಾಡಿಸಿದ. "ಛಲೋ ಆತು. ಪತ್ರ ಬರ್ಲಿ. ಆದ್ರ ಉಳದ ಐದು ಅಂಕಿ? ಎರಡು, ನಾಕು, ನಾಕು, ಒಂಬತ್ತು, ನಾಕು. ಯಾರರ ಸುಮ್ಮ ಕೆತ್ತತಾರೇನ್ರಿ? ಅದು ಬರವಣಿಗಿಯೊಳಗ ಬೇಕು. ಮಾಲಕರು ಹೇಳ್ಲಿ."

ಮಾಲಕನಿಗೆ ಗೊತ್ತಿಲ್ಲ. ಎರಡನೇ ಸಲ ಕೇಳಿದಾಗಲೂ ಗೊತ್ತಿರಲಿಲ್ಲ. ಮೂರನೇ ಸಲ ಕೇಳಿದಾಗ, "ಒಡೀತಾರಂದ್ರ ಒಡೀಲಿ ಬಿಡವಾ," ಎಂದು ಎದ್ದುಹೋದ. ಆದರೂ ಎರಡು ದಿನಕ್ಕೊಮ್ಮೆ ಯಲಬುರ್ಗಾ ಬಸ್ಸಿನಲ್ಲಿ ಬಂದು, ಬಯಲಿನಲ್ಲಿ ಜೀಪಿನ ಟೈರು ಮುಟ್ಟಿ ನೋಡಿ, ಅರ್ಧ ತಾಸು ನಿಂತು, ವಾಪಸು ಹೋಗುತ್ತಿದ್ದ.

ಹೇಮಾ ಬೇರೆ ದಾರಿಗಳನ್ನೆಲ್ಲ ಹುಡುಕಿದಳು. ಹರಾಜಿನ ಲಾಟ್ ನಂಬರೇ? ಅಷ್ಟು ದೊಡ್ಡ ಲಾಟ್ ಇರುವುದಿಲ್ಲ ಎಂದರು. ಎಂಜಿನ್ ನಂಬರಿನ ತುಂಡೇ? ಅಲ್ಲ. ಇಲಾಖೆಯ ಸಾಮಾನಿನ ನಂಬರೇ? ಅದಕ್ಕೆ ಮೊದಲು ಅಕ್ಷರ ಇರುತ್ತದೆ ಎಂದ ಬಿರಾಜದಾರ. ಹನ್ನೆರಡು ದಿನ ಕಳೆದವು.

ಹದಿಮೂರನೇ ದಿನ ಸಂಜೆ ನೀರು ಬಂದಿತ್ತು. ಅವ್ವ ಅಡುಗೆಮನೆಯಿಂದ ಕೂಗಿ, ತಾಮ್ರದ ಕೊಡ ತುಂಬಿಸಿಡು ಎಂದಳು. ಹೇಮಾ ಕೊಡವನ್ನು ನಲ್ಲಿಯ ಕೆಳಗಿಟ್ಟು ಕೂತಳು. ಸೋದರಮಾವ ತೀರಿಕೊಂಡಾಗ ಅವನ ಹೆಸರಿನಲ್ಲಿ ಬಳಗದವರಿಗೆಲ್ಲ ಹಂಚಿದ ಕೊಡ ಅದು. ಕಂಠದ ಕೆಳಗೆ ಅವನ ಹೆಸರು, ಸ್ಮರಣಾರ್ಥ ಎಂಬ ಮಾತು, ತೀರಿಕೊಂಡ ತಾರೀಖು. ಚಿಕ್ಕಂದಿನಿಂದ ದಿನಾ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಅಕ್ಷರಗಳು. ಓದುವುದನ್ನು ಬಿಟ್ಟೇ ಎಷ್ಟೋ ವರ್ಷವಾಗಿತ್ತು. ಈಗ ನೋಡಿದಳು. ಅಕ್ಷರಗಳು ಚುಕ್ಕಿಗಳ ಸಾಲು. ಎರಡೂ ತುದಿಗೆ ಐದು ಚುಕ್ಕಿಯ ಹೂವು. ತಾರೀಖಿನ ನಡುವೆ ಗೆರೆಯಿಲ್ಲ, ಚುಕ್ಕಿಯಿಲ್ಲ: 17388.

ಕೊಡ ತುಂಬಿ ನೀರು ಹರಿಯತೊಡಗಿತು. "ಎಲ್ಲಿ ಐತೇ ಲಕ್ಷ್ಯ?" ಎಂದು ಅವ್ವ ಬೈದಳು.

"ಯವ್ವಾ, ಈ ಕೊಡ ಎಲ್ಲಿ ತಗೊಂಡಿದ್ದು?"

"ಗಂಗಾವತ್ಯಾಗ. ಭಾಂಡೆ ಬಜಾರದಾಗ. ಯಾಕ, ಈಗ ವಾಪಸ್ ಕೊಡ್ತಿಯೇನು?"

ಇಪ್ಪತ್ನಾಲ್ಕು, ನಾಲ್ಕು, ತೊಂಬತ್ನಾಲ್ಕು. ತೊಂಬತ್ನಾಲ್ಕರ ಏಪ್ರಿಲ್ ಇಪ್ಪತ್ನಾಲ್ಕು. ಹರಾಜಿನಲ್ಲಿ ಜೀಪು ಕೊಂಡ ಎಂಟು ವರ್ಷದ ನಂತರದ್ದು.

ಮರುದಿನ ಅವಳು ಟೇಬಲ್ಲು ತೆರೆಯದೆ ಗಂಗಾವತಿಗೆ ಹೋದಳು. ಪಾತ್ರೆ ಮಾರುವ ಭಾಂಡೆ ಅಂಗಡಿಗಳ ಸಾಲಿನಲ್ಲಿ ಮೂರು ಕಡೆ ಕೇಳಿದ ಮೇಲೆ ಮುಮ್ತಾಜಬೇಗಂಳ ಹತ್ತಿರ ಕಳಿಸಿದರು. ನಲವತ್ತೈದರ ಆಸುಪಾಸಿನ ಹೆಂಗಸು. ಎರಡು ಅಂಗಡಿಗಳ ನಡುವಿನ ಮೆಟ್ಟಿಲ ಮೇಲೆ ಚಾಪೆ ಹಾಸಿ, ಕರೆಂಟಿನ ಪೆನ್ನಿನಿಂದ ಸ್ಟೀಲ್ ಡಬ್ಬಿಗಳ ಮೇಲೆ ಮದುವೆಯ ಹೆಸರು ಕೊರೆಯುತ್ತಿದ್ದಳು. ಹೇಮಾ ಕಾಗದ ತೋರಿಸಿದಳು. ಮುಮ್ತಾಜಬೇಗಂ ಪೆನ್ನು ಆರಿಸಿದಳು.

"ನಮ್ಮ ಅಬ್ಬಾನ ಹೂವು ಐತಲ್ರಿ ಇದು. ತೊಟ್ಟು ನೋಡ್ರಿ, ಬಲಕ್ಕ ಬಾಗೇತಿ. ಬ್ಯಾರೆ ಯಾರೂ ಹಿಂಗ ಬಾಗಸಂಗಿಲ್ಲ. ಎಲ್ಲಿ ಸಿಕ್ತು?"

"ಜೀಪಿನ ಕೆಳಗ."

ಅವಳು ಜೋರಾಗಿ ನಕ್ಕಳು. "ಹೌದ ಹೌದ! ನಾ ಸಣ್ಣಾಕಿ ಇದ್ದೆ, ಕಂದೀಲ ನಾನಾ ಹಿಡದಿದ್ದೆ. ಮಳಿಗಾಲ. ವೆಲ್ಡಿಂಗ್ ಅಂಗಡಿಯಾಂವ ಹೊಸ ತುಂಡು ಹಾಕಿ, ನಂಬರ್ ಹೊಡ್ಯಾಕ ಅಚ್ಚಿಲ್ಲ ಅಂತ ಅಬ್ಬಾನ್ನ ಕರದಿದ್ದ. ಕಬ್ಬಿಣ ಗಟ್ಟಿ, ಎರಡು ಉಳಿ ಮುರದ್ವು. ಜೀವಮಾನದಾಗ ಕೂತು ಕೆಲಸ ಮಾಡಿದಾಂವ, ಅವತ್ತು ಅಂಗಾತ ಮಲಗಿ ಮಾಡಿದ. ಬಜಾರ ಮಂದಿಯೆಲ್ಲ, ಏನ್ ಉಸ್ತಾದ್, ಜೀಪಿಗೆ ಲಗ್ನಾನ ಅಂತ ನಗತಿದ್ರು."

"ನಂಬರ್ ಎಲ್ಲಿ ನೋಡಿ ಹೊಡದ್ರು?"

"ಕೊಯ್ದ ತುಂಡು ಮುಂದ ಇಟ್ಟಿದ್ರು. ಅದರಾಗಿದ್ದ ಎಂಟು ಅಂಕಿ ಹೊಡದು ಅಬ್ಬಾ ಏಳಾಕ ಹೋದ. ಜೀಪಿನಾಂವ, ತಾರೀಖೂ ಹಾಕ್ರಿ ಅಂದ. ಇವತ್ತಿಂದೇನು ಅಂದ್ರ, ಅಲ್ಲ, ಏಪ್ರಿಲ್ ಇಪ್ಪತ್ನಾಕು ಅಂದ. ತಾರೀಖು ಅಂದ ಮ್ಯಾಲ ಹೆಸರು ಬೇಕಲ್ಲ, ಯಾರ ಹೆಸರು ಅಂತ ಅಬ್ಬಾ ಕೇಳಿದ. ಆ ಮನಷ್ಯಾ ಬಾಯಿ ಬಿಡ್ಲಿಲ್ಲ. ಹೆಸರು ಇಲ್ದ ತಾರೀಖು ಅದೊಂದಾ ಹೊಡದಿದ್ದು ನೋಡ್ರಿ ಅಬ್ಬಾ."

ಗಂಗಾವತಿಯಿಂದ ಬರುವ ಬಸ್ಸಿನಲ್ಲಿ ಹೇಮಾ ಕಿಟಕಿಗೆ ತಲೆಯಾನಿಸಿ ಕೂತಳು. ಅಂಕಿಗಳು ಬಿಡಿಸಿಕೊಂಡಿದ್ದವು. ಅಲ್ಲಿಗೆ ನಿಲ್ಲಿಸಬಹುದಿತ್ತು; ಇದು ರಿಪೇರಿಯ ತಾರೀಖು ಎಂದು ಅಫಿಡವಿಟ್ಟಿನಲ್ಲಿ ಬರೆದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ರಿಪೇರಿಯಾದದ್ದು ಮಳೆಗಾಲದಲ್ಲಿ ಎಂದು ಅವಳಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಬೇರೆ ಬರೆಯುವುದು ಅಪ್ಪ ಗೊತ್ತಿಲ್ಲದೆ ಬರೆದದ್ದಕ್ಕಿಂತ ಕೆಟ್ಟದ್ದು. ಅವಳು ಮುದಿಯಪ್ಪನಿಗೆ ಫೋನ್ ಮಾಡಿ, ಅಫಿಡವಿಟ್ಟಿಗೆ ಸಾಕ್ಷಿ ಹಾಕುವವರೊಬ್ಬರನ್ನು ಕರೆದುಕೊಂಡು ಬನ್ನಿ ಎಂದಳು.

ಅವನು ಕರೆತಂದದ್ದು ತಮ್ಮನ ಹೆಂಡತಿಯನ್ನು. ಪಾರಮ್ಮ, ಅರವತ್ತರ ಹತ್ತಿರದ ಹೆಂಗಸು, ತೆಳ್ಳಗೆ, ಎತ್ತರ. ಗಂಡ ಸತ್ತು ಬಹಳ ವರ್ಷವಾಗಿತ್ತು; ಮಗ ಪ್ರವೀಣಕುಮಾರನೊಂದಿಗೆ ಬಾವನ ಮನೆಯಲ್ಲೇ ಇದ್ದಳು. ಮಗ ಕುರಿ ಕಾಯುತ್ತಿದ್ದ. ಇದೆಲ್ಲವನ್ನು ಅವಳು ಕುರ್ಚಿಯ ತುದಿಯಲ್ಲಿ ಕೂತು, ಕೇಳುವ ಮೊದಲೇ ಹೇಳಿದಳು.

"ಗಾಡಿ ಬಿಡಿಸಿಕೊಡ್ರಿ ತಂಗಿ. ಸಂತಿಗೆ ಕುರಿ ಹೊಡಕೊಂಡು ಹೋಗಿ ಹೋಗಿ ಹುಡುಗನ ಕಾಲು ಬಾತಾವ."

ಹೇಮಾ ಛಾಪಾ ಕಾಗದ ತೆಗೆದಳು. "ಕಾಕಾ, ನಾ ಗಂಗಾವತಿಗೆ ಹೋಗಿದ್ದೆ. ಹೂವು ಹೊಡದಾಂವನ ಮಗಳು ಸಿಕ್ಕಿದ್ಲು."

ಮುದಿಯಪ್ಪ ಹೆಗಲ ಮೇಲಿನ ಟವಲ್ ತೆಗೆದು ಮಡಿಚಿ ತೊಡೆಯ ಮೇಲಿಟ್ಟುಕೊಂಡ.

"ಎಂಟು ಅಂಕಿ ಗಾಡಿವು. ಐದು ತಾರೀಖು. ತೊಂಬತ್ನಾಕು ಏಪ್ರಿಲ್ ಇಪ್ಪತ್ನಾಕು. ಅವತ್ತು ಏನಾತು ಅಂತ ಇಲ್ಲಿ ಬರೀಬೇಕು."

ಪಾರಮ್ಮ ತಟ್ಟನೆ ತಲೆಯೆತ್ತಿದಳು. "ಅವತ್ತು ನಮ್ಮ ಮನಿಯವರು ಹೋದ ದಿನ ಅಲ್ಲೇನು. ಬಾವ, ಆ ದಿನ ಗಾಡಿ ಮ್ಯಾಲ ಬರಸೀರೇನು?"

ಅವನು ಮಡಿಚಿದ ಟವಲ್ಲನ್ನು ಇನ್ನೊಮ್ಮೆ ಮಡಿಚಿದ. ಹೇಮಾ ಸಾವಕಾಶ ಕೇಳುತ್ತ ಹೋದಳು. ಉತ್ತರ ಪಾರಮ್ಮನೇ ಕೊಟ್ಟಳು. ಕುಷ್ಟಗಿ ಸಂತೆಯಿಂದ ಅಣ್ಣತಮ್ಮಂದಿರು ಇಬ್ಬರೇ ಬರುತ್ತಿದ್ದರು. ಹಳ್ಳದ ಇಳಿಜಾರಿನಲ್ಲಿ ಜೀಪು ಬಂಡೆಗೆ ಹೊಡೆದು ಮಗುಚಿತು. ತಮ್ಮ ಕನಕಪ್ಪ ಅಲ್ಲೇ ಹೋದ. ಬಾವನ ಕೈ ಮುರಿಯಿತು. ಪೊಲೀಸರು ಬಂದು ಬರೆದುಕೊಂಡು ಹೋದರು. ಪ್ರವೀಣ ಆಗ ಐದು ತಿಂಗಳು ಹೊಟ್ಟೆಯಲ್ಲಿದ್ದ.

ಹೇಮಾ ಬರೆಯುತ್ತ ಬಂದಳು. ಇಂಥ ತಾರೀಖಿನಂದು, ಇಂಥ ದಾರಿಯಲ್ಲಿ, ಸದರಿ ವಾಹನವನ್ನು. ಅಲ್ಲಿ ಪೆನ್ನು ನಿಂತಿತು. ಅದು ಅವಳು ನೂರಾರು ಸಲ ತುಂಬಿದ ಸಾಲು. ಕೈ ತಾನಾಗಿಯೇ ಕೇಳಿತು ಎನ್ನುವಂತೆ ಕೇಳಿದಳು:

"ಯಾರು ಹೊಡೀತಿದ್ರು?"

"ನಮ್ಮ ಮನಿಯವರಾ," ಎಂದಳು ಪಾರಮ್ಮ. "ಲೈಸನ್ಸ್ ಅವರ ಕಡೇನಾ ಇತ್ತು. ಊರಿಗೆಲ್ಲ ಗೊತ್ತೈತಿ. ಕುಡದು ಹೊಡದ ಅಂತ ನಮ್ಮತ್ತಿ ಸಾಯೋತನಕ ಆಡಿಕೊಂಡ್ಲು."

ಹೇಮಾ ಪೆನ್ನು ಕಾಗದಕ್ಕೆ ತಾಗಿಸಲಿಲ್ಲ. ಅಫಿಡವಿಟ್ ಮುದಿಯಪ್ಪನದು, ಅವನ ಬಾಯಿಂದ ಬರಬೇಕು. ಅವಳು ಅವನ ಕಡೆ ನೋಡಿದಳು. ರಸ್ತೆಯಲ್ಲಿ ಒಂದು ಟಂಟಂ ರಿಕ್ಷಾ ಹೋಯಿತು, ಇನ್ನೊಂದು ಹೋಯಿತು. ಪ್ರಭುರಾಜ ಯಾರಿಗೋ ಫೋಟೋ ನಾಲ್ಕು ಬೇಕು ಎರಡಲ್ಲ ಎಂದು ಹೇಳುತ್ತಿದ್ದ. ಗವಿಮಠದ ಬೆಟ್ಟದ ಮೇಲೆ, ಶಾಸನ ತೊಳೆದು ಒಣಗಲು ಬಿಟ್ಟಾಗ, ಮೇಷ್ಟ್ರು ಯಾರಿಗೂ ಮಾತಾಡಲು ಬಿಡುತ್ತಿರಲಿಲ್ಲ. ಹೇಮಾ ಹಾಗೆ ಕೂತಳು.

"ನಾ," ಎಂದ ಮುದಿಯಪ್ಪ.

ಪಾರಮ್ಮ ಅರ್ಥವಾಗದವಳಂತೆ ನೋಡಿದಳು.

"ನಾನಾ ಹೊಡೀತಿದ್ದೆ ಪಾರವ್ವ. ಕನಕ ಬ್ಯಾಡಣ್ಣ ಅಂದ. ಕಲೀತೀನಿ ಕೊಡು ಅಂತ ಹಟ ಮಾಡಿ ಕೂತೆ. ಆಂವ ಕುಡದಿರಲಿಲ್ಲ. ಲೈಸನ್ಸ್ ಇಲ್ಲ, ನೀ ಒಳಗ ಹೋಗ್ತಿ, ಎರಡು ಮನಿ ಹಾಳಾಗ್ತಾವ, ಸತ್ತಾಂವಗ ಏನ್ ಮಾಡ್ತಾರ ಅಂತ ಹಿರ್ಯಾರು ಅಂದ್ರು. ನಾ ಹೂಂ ಅಂದೆ. ಬಿದ್ದ ಗಾಡಿ ಹಂಗಾ ಇತ್ತು, ಮಳಿಗಾಲದಾಗ ರಿಪೇರಿ ಮಾಡ್ಸಿದೆ. ಗುಡಿಗೆ ಅವನ ಹೆಸರ್ಲೆ ಕೊಡ ಕೊಟ್ವಲ್ಲ, ಅದು ಎಲ್ಲಾರೂ ನೋಡೂದು. ಯಾರೂ ನೋಡದಂತಾದೊಂದು ನಂದಿರಲಿ ಅಂತ ಹೊಡಿಸಿದೆ. ಹೆಸರು ಹೇಳಾಕ ಬಾಯಿ ಬರಲಿಲ್ಲ."

ಪಾರಮ್ಮ ಬಹಳ ಹೊತ್ತು ಟೇಬಲ್ಲಿನ ಮೇಲಿನ ಅಂಟಿನ ಡಬ್ಬಿಯನ್ನು ನೋಡುತ್ತ ಕೂತಳು. ಅಳಲಿಲ್ಲ. ಬಾವನ ಕಡೆ ತಿರುಗಲೂ ಇಲ್ಲ. ಮಾತಾಡಿದ್ದು ಹೇಮಾಳೊಂದಿಗೆ.

"ನನ್ನ ಮಗಗ ಸ್ಟೇರಿಂಗ್ ಮುಟ್ಟಾಕ ಬಿಡ್ಲಿಲ್ಲ ತಂಗಿ ನಾ. ಸಣ್ಣಾಂವಿದ್ದಾಗ ಜೀಪಿನ್ಯಾಗ ಕೂತು ಆಡಿದ್ರ ಹೊಡದು ಇಳಸ್ತಿದ್ದೆ. ಅಪ್ಪನ ಕೈ ಬಂದಿರತೈತಿ ಅಂತ. ಮೂವತ್ತು ವರ್ಷದಾಂವ ಆದ, ಕುರಿ ಹಿಂದ ಅಡ್ಡ್ಯಾಡತಾನ."

ಹೇಮಾ ಮುದಿಯಪ್ಪನ ಕಡೆ ತಿರುಗಿದಳು.

"ಕಾಕಾ, ಇದನ್ನ ಹಿಂಗಾ ಬರೀಲೇನು? ಬರದ್ರ ಅಳಸಾಕ ಬರಂಗಿಲ್ಲ. ಹಳೇ ಕೇಸಿನ ಮಾತು, ಯಾರರ ಎತ್ತಿದ್ರ ನೀವು ಜವಾಬು ಕೊಡಬೇಕಾಕೈತಿ."

"ಬರಿಯವಾ. ಇದ್ದದ್ದು ಇದ್ದಂಗ ಬರಿ."

ಅವಳು ಬರೆದಳು. ಓದಿ ಹೇಳಿದಳು. ಮುದಿಯಪ್ಪ ಸಹಿ ಮಾಡಿದ. ಪಾರಮ್ಮ, "ಎಲ್ಲಿ ಒತ್ತಬೇಕ್ರಿ?" ಎಂದು ಕೇಳಿ, ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು, ತೋರಿಸಿದ ಕಡೆ ಗಟ್ಟಿಯಾಗಿ ಒತ್ತಿದಳು. ಬೆರಳು ಒರೆಸಿಕೊಂಡು ಎದ್ದು, ಬಸ್‌ಸ್ಟ್ಯಾಂಡಿನ ಕಡೆ ಒಬ್ಬಳೇ ಹೊರಟಳು. ಮುದಿಯಪ್ಪನೂ ಅದೇ ಬಸ್ಸಿಗೆ ಹೋಗಬೇಕಿತ್ತು. ಆ ಬಸ್ಸು ಹೋದ ಮೇಲೆ ಎದ್ದ.

ಕಂಪನಿಯ ಪತ್ರ ಬಂದದ್ದು ಗಡುವಿಗೆ ನಾಲ್ಕು ದಿನ ಮೊದಲು. ಇನ್ಸ್‌ಪೆಕ್ಟರ್ ಎರಡೂ ಕಾಗದ ಓದಿದ. ಅಫಿಡವಿಟ್ಟನ್ನು ಎರಡು ಸಲ ಓದಿದ. ಕನ್ನಡಕ ತೆಗೆದು ಹೇಮಾಳನ್ನು ನೋಡಿ, "ಯಾರು ಹೊಡೀತಿದ್ರು ಅನ್ನೋದು ನನಗ ಬೇಕಾಗಿರಲಿಲ್ರಿ," ಎಂದ.

"ಫಾರಮ್ಮಿನ್ಯಾಗ ಇತ್ರಿ," ಎಂದಳು ಹೇಮಾ.

ಅವನು ಆದೇಶ ಬರೆದ. ಕೈಯಿಂದ ಹೊಡೆದ ನಂಬರನ್ನು ಗ್ರೈಂಡರಿನಿಂದ ತೆಗೆದು, ಎಂಟು ಅಂಕಿಗಳನ್ನು ಮಾತ್ರ, ಎರಡೂ ತುದಿಗೆ ನಕ್ಷತ್ರದೊಂದಿಗೆ, ತಮ್ಮೆದುರಿಗೇ ಹೊಡೆಸಬೇಕು. ಐದು ಅಂಕಿ ಉಳಿಯಬಾರದು. ಹೇಮಾ ಫೋನಿನಲ್ಲಿ ಇದನ್ನು ಹೇಳಿದಾಗ ಮುದಿಯಪ್ಪ, "ಆಕಿಗೆ ಕೇಳಿ ಹೇಳ್ತೀನಿ," ಎಂದ. ಕೇಳುವುದಾದರೆ ಇಬ್ಬರ ನಡುವೆ ಮಾತು ಉಳಿದಿದೆ ಎಂದು ಹೇಮಾ ತಿಳಿದುಕೊಂಡಳು. ಅದು ಪೂರ್ತಿ ಸರಿಯಾಗಿರಲಿಲ್ಲ. ಪ್ರವೀಣಕುಮಾರನ ಮೂಲಕ ಕೇಳಿಸಿದ್ದ.

ನಂಬರು ತೆಗೆಸುವ ದಿನ ಮೂವರೂ ಬಂದರು. ಮುದಿಯಪ್ಪ ಮುಂದೆ, ತಾಯಿ ಮಗ ಹತ್ತು ಮಾರು ಹಿಂದೆ. ಗ್ರೈಂಡರ್ ಹಿಡಿದು ಬಂದ ಮೆಕ್ಯಾನಿಕ್ ವೈರು ಜೋಡಿಸುತ್ತಿದ್ದಾಗ ಪಾರಮ್ಮ, "ತಡೀರಿ," ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೇಮಾಳ ಗೋಣಿಚೀಲದ ಮೇಲೆ ಮಲಗಿ ಕೆಳಗೆ ಸರಿದಳು. ಹೇಮಾಳೂ ಪಕ್ಕದಲ್ಲಿ ಸರಿದು, ಅವಳ ಬೆರಳು ಹಿಡಿದು ಕಬ್ಬಿಣದ ಮೇಲೆ ಇಟ್ಟಳು.

"ಇಲ್ಲಿಂದ ಶುರು. ಎರಡು ಮತ್ತ ನಾಕು, ಇಪ್ಪತ್ನಾಕು. ಇದು ನಾಕು, ಏಪ್ರಿಲ್. ಇವೆರಡು ವರ್ಷ."

ಪಾರಮ್ಮ ಚುಕ್ಕಿಗಳ ಮೇಲೆ ಬೆರಳಾಡಿಸಿದಳು. ಹೂವಿನ ಮೇಲೂ ಆಡಿಸಿದಳು.

"ಮೂವತ್ತು ವರ್ಷ ಇದರ ಮ್ಯಾಲ ಕೂತು ಅಡ್ಡ್ಯಾಡಿದ್ವಿ," ಎಂದಳು. ಆಮೇಲೆ ಹೊರಗೆ ಬಂದು ಸೀರೆ ಝಾಡಿಸಿಕೊಂಡು ಮೆಕ್ಯಾನಿಕ್ಕನಿಗೆ, "ಹೂಂ, ಹೊಡೀರಿನ್ನ," ಎಂದಳು.

ಕಿಡಿ ಹಾರಿತು. ಹತ್ತು ನಿಮಿಷದ ಕೆಲಸ. ಮುದಿಯಪ್ಪ ಬಯಲಿನ ಅಂಚಿನಲ್ಲಿ ಈ ಕಡೆ ಬೆನ್ನು ಮಾಡಿ ನಿಂತಿದ್ದ. ಎಂಟು ಅಂಕಿ, ಎರಡು ನಕ್ಷತ್ರ ಬಿದ್ದವು. ಹೇಮಾ ಹೊಸ ಅಚ್ಚು ತೆಗೆದು ಅಂಟಿಸಿದಳು. ಇನ್ಸ್‌ಪೆಕ್ಟರ್ ಸಹಿ ಹಾಕಿ ಬೀಗದ ಕೈ ಕೊಟ್ಟ. ಮುದಿಯಪ್ಪ ಜೀಪಿಗೆ ಹತ್ತಿ, ಸ್ಟಾರ್ಟ್ ಮಾಡಿ, ಪಕ್ಕದ ಖಾಲಿ ಸೀಟನ್ನೊಮ್ಮೆ, ಪಾರಮ್ಮನನ್ನೊಮ್ಮೆ ನೋಡಿದ. ಅವಳು ಕದಲಲಿಲ್ಲ.

"ಹೇಳ್ರಿ ತಂಗಿ ಅವರಿಗೆ, ಸಾವಕಾಶ ಹೋಗಂತ. ನಾವು ಬಸ್ಸಿಗೆ ಬರ್ತೀವಿ. ನಮಗ ಇಲ್ಲೊಂದು ಕೆಲಸ ಐತಿ."

ಹೇಮಾ ಹೇಳಬೇಕಾಗಿರಲಿಲ್ಲ, ಅವನಿಗೆ ಕೇಳಿಸಿತ್ತು. ಜೀಪು ಗೇಟು ದಾಟಿ ಹೋಯಿತು.

ಪಾರಮ್ಮ ಮಗನ ತೋಳು ಹಿಡಿದು ಟೇಬಲ್ಲಿನ ಮುಂದೆ ತಂದು ಕೂರಿಸಿದಳು. ಮೂವತ್ತು ವರ್ಷದ ಗಟ್ಟಿಮುಟ್ಟಾದ ಆಳು, ಹೆಗಲ ಮೇಲೆ ಕಂಬಳಿ, ಸಾಲೆಗೆ ಹೊಸದಾಗಿ ಸೇರಿದವನ ಹಾಗೆ ಕೈ ಜೋಡಿಸಿಕೊಂಡು ಕೂತ.

"ಇವಗ ಲೈಸನ್ಸ್ ಮಾಡಸ್ರಿ."

ಹೇಮಾ ಕಲಿಯುವವರ ಲೈಸೆನ್ಸಿನ ಅರ್ಜಿ ತೆಗೆದಳು. ಹೆಸರು ಬರೆದಳು, ಪ್ರವೀಣಕುಮಾರ. ತಂದೆಯ ಹೆಸರು ಕೇಳಿದಳು. ಅವನು ಬಾಯಿ ತೆರೆಯುವ ಮೊದಲೇ ಪಾರಮ್ಮ ಗಟ್ಟಿ ದನಿಯಲ್ಲಿ, ಪಕ್ಕದ ಟೇಬಲ್ಲಿನವರೂ ತಿರುಗಿ ನೋಡುವ ಹಾಗೆ, "ಕನಕಪ್ಪ," ಎಂದಳು.

"ಟೆಸ್ಟ್ ನಮ್ಮ ಜೀಪಿನ್ಯಾಗಾ ಕೊಡಬೌದೇನ್ರಿ?" ಎಂದ ಪ್ರವೀಣಕುಮಾರ.

"ಯಾವ ಗಾಡಿ ಆದ್ರೂ ನಡೀತೈತಿ. ಕಾಗದ ಸರಿ ಇರಬೇಕಷ್ಟ."

"ಈಗ ಸರಿ ಅದಾವಲ್ಲ," ಎಂದಳು ಪಾರಮ್ಮ.